ಬೋರಲ ಬುತ್ತಿ

ಓಕಾಯಾಮಾ, ಜಪಾನ್
17 ಏಪ್ರಿಲ್ 1989

ಪೂಜ್ಯ ಅಣ್ಣಾಸಾಬ ಕಾಕಾ ಅವರಿಗೆ ಧರೆಪ್ಪನ ನಮಸ್ಕಾರ.

ಈ ಮೊದಲನೆಯ ಹಾಳೆಯನ್ನು ಅವ್ವನಿಗೆ ಓದಿ ಹೇಳಿರಿ. ಎರಡನೆಯದು ನಿಮಗೆ ಮಾತ್ರ.

ನಾನು ಇಲ್ಲಿಗೆ ಬಂದು ಆರು ವಾರವಾಯಿತು. ದ್ರಾಕ್ಷಿಯನ್ನು ಇವರು ಗಾಜಿನ ಮನೆಯೊಳಗೆ ಬೆಳೆಯುತ್ತಾರೆ. ಒಂದೊಂದು ಗೊನೆಯನ್ನೂ ಕತ್ತರಿ ಹಿಡಿದು ತೆಳುಮಾಡಿ, ಕಾಗದದ ಟೊಪ್ಪಿಗೆ ಹಾಕುತ್ತಾರೆ. ಬೇಡಕಿಹಾಳದಲ್ಲಿ ನಾನು ಹೀಗೆ ಮಾಡಿದರೆ ಜನ ಬಳ್ಳಿಗೆ ಮದುವೆ ಮಾಡುತ್ತಿದ್ದಾನೆ ಎಂದು ನಗುತ್ತಾರೆ. ತರಬೇತಿ ಇನ್ನೂ ಒಂದು ವರ್ಷವಿದೆ. ಫುಮಿ ಎಂಬ ಎಪ್ಪತ್ತೊಂದು ವರ್ಷದ ಅಜ್ಜಿಯ ಮನೆಯಲ್ಲಿ ನನಗೆ ಒಂದು ಕೋಣೆ ಕೊಟ್ಟಿದ್ದಾರೆ. ಆಕೆ ಒಬ್ಬಳೇ ಇರುತ್ತಾಳೆ. ರೊಟ್ಟಿ ಸಿಗುವುದಿಲ್ಲ, ಆದರೆ ನಾನು ಹಸಿದಿಲ್ಲ ಎಂದು ಅವ್ವನಿಗೆ ಹೇಳಿರಿ.

(ಎರಡನೆಯ ಹಾಳೆ)

ಕಾಕಾ, ನಿನ್ನೆ ಭಾನುವಾರ ಬೆಳಿಗ್ಗೆ ಫುಮಿ ಅಜ್ಜಿ ಹಿತ್ತಲಿನಲ್ಲಿ ಬಿದಿರಿನ ಎಳೆ ಮೊಳಕೆಗಳನ್ನು ಅಗೆದು ತಂದಳು. ಇಲ್ಲಿ ಅವು ಈ ಕಾಲಕ್ಕೆ ಮಾತ್ರ ಬರುತ್ತವೆ. ದೊಡ್ಡ ಪಾತ್ರೆಯಲ್ಲಿ ನೀರಿಟ್ಟು, ಎರಡು ಹಿಡಿ ತೌಡು ಸುರಿದು, ಒಂದು ಕೆಂಪು ಮೆಣಸಿನಕಾಯಿ ಹಾಕಿ ಅವನ್ನು ಕುದಿಸಿದಳು. ಆ ವಾಸನೆ ಮೂಗಿಗೆ ಬಡಿದದ್ದೇ ನಾನು ನಿಂತಲ್ಲೇ ನಿಂತೆ.

ನಿಮಗೆ ನೆನಪಿರಲೇಬೇಕು. ಹೋಳಿ ಹುಣ್ಣಿಮೆಯಾಗಿ ಯುಗಾದಿ ಬರುವುದರೊಳಗೆ ಒಂದು ದಿನ ಅಪ್ಪ ಕಬ್ಬಿನ ಎಳೆ ಸುಳಿಗಳನ್ನು ಕೊಯ್ದು ತಂದು, ಎಮ್ಮೆಗೆ ಇಟ್ಟ ತೌಡನ್ನೇ ನೀರಿಗೆ ಹಾಕಿ ಕುದಿಸುತ್ತಿದ್ದ, ಒಂದೇ ಒಂದು ಕೆಂಪು ಮೆಣಸಿನಕಾಯಿಯ ಜೊತೆ. ಓಣಿಯವರು ಭೀಮಸಿಗೆ ಪಲ್ಟಣ್ಣಿನಲ್ಲಿ ತಲೆ ಕೆಟ್ಟಿದೆ ಎನ್ನುತ್ತಿದ್ದರು.

ಆಮೇಲೆ ಅಜ್ಜಿ ಒಂದು ಕಟ್ಟಿಗೆಯ ಚೌಕ ಪೆಟ್ಟಿಗೆ ತೆಗೆದಳು. ತಳದಲ್ಲಿ ಮೀನಿನ ಹೋಳು, ಮೊಟ್ಟೆಯ ಎಳೆ, ಬಟಾಣಿಕಾಯಿ, ತಾವರೆ ಗಡ್ಡೆ, ಬಿದಿರ ಮೊಳಕೆ ಹರವಿದಳು. ಅದರ ಮೇಲೆ ಹುಳಿ ಬೆರೆಸಿದ ಅನ್ನವನ್ನು ಒತ್ತಿ ಸಮ ಮಾಡಿದಳು. ಮೇಲಿನಿಂದ ನೋಡಿದರೆ ಬಡವರ ಬಿಳಿ ಅನ್ನ, ಮತ್ತೇನಿಲ್ಲ. ಹಿಂದೆ ಇಲ್ಲಿನ ದೊರೆಯೊಬ್ಬ ಅನ್ನದ ಜೊತೆ ಒಂದಕ್ಕಿಂತ ಹೆಚ್ಚು ಪದಾರ್ಥ ಉಣ್ಣಬಾರದೆಂದು ಕಟ್ಟಪ್ಪಣೆ ಮಾಡಿದ್ದನಂತೆ. ಜನ ಎಲ್ಲವನ್ನೂ ತಳದಲ್ಲಿ ಅಡಗಿಸಿ, ಬಾಗಿಲು ಹಾಕಿಕೊಂಡು, ಪೆಟ್ಟಿಗೆಯನ್ನು ಬೋರಲು ಹಾಕಿ ಉಂಡರಂತೆ. ಊಟದ ಹೊತ್ತಿಗೆ ಅಜ್ಜಿ ಪೆಟ್ಟಿಗೆಯನ್ನು ತಾಟಿನ ಮೇಲೆ ಮಗುಚಿ, ತಳಕ್ಕೆ ಬೆರಳ ಗೆಣ್ಣಿನಿಂದ ಬಡಿದಳು. ಎರಡು ಸಲ, ಸ್ವಲ್ಪ ತಡೆದು ಇನ್ನೊಂದು ಸಲ.

ನಮ್ಮ ಬುತ್ತಿಯ ಪೆಟ್ಟಿಗೆ ಮಗುಚಿ ಅಪ್ಪ ಬಡಿಯುತ್ತಿದ್ದ ಸಪ್ಪಳವೂ ಹಾಗೆಯೇ.

ಪೆಟ್ಟಿಗೆಯ ಮುಚ್ಚಳದ ಮೇಲೆ ಆಕೆಯ ಮನೆತನದ ಗುರುತು ಕೆತ್ತಿದೆ, ಮೂರು ಎಲೆ. ನಮ್ಮ ಮನೆಯ ಪೆಟ್ಟಿಗೆಯ ಮೇಲೆ ಇರುವ, ನಾವು ಬಿಲ್ವಪತ್ರಿ ಎಂದು ಕುಂಕುಮ ಹಚ್ಚುವ, ಅದೇ ಮೂರು ಎಲೆ.

ಅಜ್ಜಿ ಇನ್ನೊಂದು ಸಣ್ಣ ಪೆಟ್ಟಿಗೆಯನ್ನೂ ತುಂಬಿ, ಯಾರೂ ಕೂತುಕೊಳ್ಳದ ಒಂದು ಜಾಗದ ಮುಂದೆ ಇಟ್ಟಿದ್ದಳು. ಅದು ಯಾರಿಗೆ ಎಂದು ಕೇಳುವಷ್ಟು ಭಾಷೆ ನನಗಿನ್ನೂ ಬಂದಿಲ್ಲ. ಅಪ್ಪ ಇದನ್ನು ಎಲ್ಲಿ ಕಲಿತ? ನಿಮಗೆ ಗೊತ್ತಿದ್ದರೆ ಬರೆಯಿರಿ.

ನಿಮ್ಮ ಮಗನಂಥವನು,
ಧರೆಪ್ಪ

*

ಚಿಕ್ಕೋಡಿ
9 ಮೇ 1989

ಚಿರಂಜೀವಿ ಧರೆಪ್ಪನಿಗೆ ಆಶೀರ್ವಾದಗಳು.

ನಿನ್ನ ಪತ್ರ ಬರಲು ಹದಿನೆಂಟು ದಿನ ಹಿಡಿಯಿತು. ಮೊನ್ನೆ ಬೇಡಕಿಹಾಳಕ್ಕೆ ಹೋಗಿ ಮೊದಲ ಹಾಳೆಯನ್ನು ವೈನಿಗೆ, ನಿಮ್ಮವ್ವನಿಗೆ, ಎರಡು ಸಲ ಓದಿದೆ. ಬಳ್ಳಿಯ ಮದುವೆಯ ಮಾತಿಗೆ ಬಹಳ ನಕ್ಕರು.

ಎರಡನೆಯ ಹಾಳೆಯ ವಿಷಯ. ನೀನು ಕೃಷಿ ಪದವೀಧರ. ಮನೆಯ ನೆನಪಾದವನಿಗೆ ಪರದೇಶದಲ್ಲಿ ಎಲ್ಲವೂ ಮನೆಯ ಹಾಗೆಯೇ ಕಾಣುತ್ತದೆ. ಅನ್ನವನ್ನು ಬೋರಲು ಹಾಕುವುದು ಜಗತ್ತಿನಲ್ಲಿ ಯಾರಿಗೂ ಹೊಳೆಯಬಹುದು, ಮೂರು ಎಲೆ ಕೆತ್ತುವುದೂ ಹಾಗೆಯೇ. ನಿಮ್ಮಪ್ಪ ಯಡೂರಿನ ವೀರಭದ್ರನಿಗೆ ನಡೆದುಕೊಳ್ಳುತ್ತಿದ್ದವನು. ಅವನ ಪೆಟ್ಟಿಗೆಯ ಮೇಲಿನದು ಬಿಲ್ವವೇ. ಬರ್ಮಾದಲ್ಲಿ ಅವನು ಯಾವ ಜಪಾನಿಯ ಜೊತೆಗೂ ಮಾತಾಡಿದವನಲ್ಲ.

ಆ ದೊರೆಯ ಸಂಗತಿ ಮಾತ್ರ ನನಗೆ ಹಿಡಿಸಿತು. ಆಳುವವರು ಉಣ್ಣುವವರ ತಾಟಿನೊಳಗೆ ಇಣುಕುವ ಚಾಳಿ ಅಲ್ಲಿಯೂ ಇತ್ತೆಂದಾಯಿತು. ನಾನು ಈ ವರ್ಷವೇ ಪತ್ರಿಕೆಗಳಿಗೆ ಹದಿನಾಲ್ಕು ಪತ್ರ ಬರೆದೆ. ಅಚ್ಚಾದವು ಮೂರು, ಅವುಗಳಲ್ಲಿಯೂ ಮುಖ್ಯವಾದ ಸಾಲನ್ನೇ ಕತ್ತರಿಸಿದ್ದಾರೆ. ನಮ್ಮೂರಿನಿಂದ ಎರಡನೆಯ ಮಹಾಯುದ್ಧಕ್ಕೆ ಹನ್ನೊಂದು ಜನ ಹೋಗಿದ್ದರು. ಇಂದಿನ ಪೋರರಿಗೆ ಒಬ್ಬನ ಹೆಸರೂ ಗೊತ್ತಿಲ್ಲ. ಸಿನಿಮಾ ನಟರ ಹುಟ್ಟಿದ ದಿನ ಗೊತ್ತು! ಶಾಲೆಯ ಅಂಗಳದಲ್ಲಿ ಅವರ ಹೆಸರಿನ ಕಲ್ಲು ನಿಲ್ಲಿಸಬೇಕೆಂದು ಅರ್ಜಿ ಬರೆಯುತ್ತಿದ್ದೇನೆ. ಮೊದಲ ಹೆಸರು ನನ್ನ ಅಣ್ಣ ಭೀಮಸಿಯದು.

ಬಳ್ಳಿಯ ಕೆಲಸ ಕಲಿ. ಅಡಿಗೆಯ ಗೊಡವೆ ಬೇಡ.

ಹಿತ ಬಯಸುವ,
ಅಣ್ಣಾಸಾಬ

*

ಓಕಾಯಾಮಾ
20 ಜೂನ್ 1989

ಪೂಜ್ಯ ಕಾಕಾ ಅವರಿಗೆ,

ಬರ್ಮಾದಲ್ಲಿ ಅಪ್ಪ ಜಪಾನಿಯ ಜೊತೆ ಮಾತಾಡಿದ್ದನೇ ಎಂದು ನಾನು ಕೇಳಿರಲೇ ಇಲ್ಲ. ಅಪ್ಪನ ಅಡಿಗೆಯ ಬಗ್ಗೆ ಕೇಳಿದ್ದೆ. ನೀವು ಬೇರೆ ಪ್ರಶ್ನೆಗೆ ಉತ್ತರ ಕೊಟ್ಟಿದ್ದೀರಿ.

ನಮ್ಮ ಕೇಂದ್ರದಲ್ಲಿ ಇಂಗ್ಲಿಷ್ ಬಲ್ಲ ಮೇಷ್ಟ್ರೊಬ್ಬರಿದ್ದಾರೆ. ಅವರನ್ನು ಮನೆಗೆ ಕರೆದು ತಂದು ಕೂರಿಸಿಕೊಂಡು ಫುಮಿ ಅಜ್ಜಿಯನ್ನು ಕೇಳಿದೆ. ಆಕೆ ಬೀನ್ಸ್ ಬಿಡಿಸುತ್ತಲೇ ಹೇಳಿದಳು.

ಸಣ್ಣ ಪೆಟ್ಟಿಗೆ ಅವಳ ತಮ್ಮ ಇಸಾಮುವಿನದು. ಇಪ್ಪತ್ತನೆಯ ವಯಸ್ಸಿಗೆ ಸೈನ್ಯ ಸೇರಿ ಬರ್ಮಾಕ್ಕೆ ಹೋದ. ಯುದ್ಧ ಮುಗಿದ ಮೇಲೆ ಸರಕಾರದವರು ಬಿಳಿ ಬಟ್ಟೆ ಸುತ್ತಿದ ಒಂದು ಡಬ್ಬಿ ತಂದುಕೊಟ್ಟರು. ತೆರೆದು ನೋಡಿದರೆ ಎಲುಬಿಲ್ಲ, ಬೂದಿಯಿಲ್ಲ, ಒಂದು ಹರಳು ಕಲ್ಲು. ತನ್ನ ತಮ್ಮ ಕಲ್ಲಲ್ಲ ಎಂದು ಆಕೆ ಅದನ್ನು ಹಿಂದಕ್ಕೆ ಕಳಿಸಿಬಿಟ್ಟಳು. ಸತ್ತವರ ಸಾಲಿನಲ್ಲಿ ಅವನ ಹೆಸರು ಕೆತ್ತಿಸಲೂ ಇಲ್ಲ.

ದೂರ ಹೋದವರಿಗಾಗಿ ಇಲ್ಲಿನವರು ಮನೆಯಲ್ಲಿ ತಾಟು ಇಡುತ್ತಾರೆ, ಹೋದಲ್ಲಿ ಅವರು ಉಪವಾಸ ಬೀಳಬಾರದೆಂದು. ಮುಚ್ಚಳದ ಒಳಗೆ ನೀರಿನ ಹನಿ ಕಟ್ಟಿದ್ದರೆ ಹೋದವರು ಸುಖವಾಗಿದ್ದಾರೆ ಎಂದು ನಂಬಿಕೆ. ಆಕೆ ಪ್ರತಿ ವಸಂತದಲ್ಲಿ ಬೆಳಿಗ್ಗೆ ಬುತ್ತಿ ಕಟ್ಟಿ ಇಟ್ಟು, ಮಧ್ಯಾಹ್ನ ತೆಗೆದು ನೋಡುತ್ತಿದ್ದಳು. 1984ರವರೆಗೂ ಪ್ರತಿ ಸಲವೂ ಮುಚ್ಚಳದ ತುಂಬ ಹನಿ ಇರುತ್ತಿತ್ತು, ಬುತ್ತಿ ಇಟ್ಟ ಹಾಗೆಯೇ ಇರುತ್ತಿತ್ತು. ಎಲ್ಲಿಯೋ ಯಾರೋ ಅವನಿಗೆ ಉಣ್ಣಲು ಕೊಡುತ್ತಿದ್ದಾರೆ, ಅದಕ್ಕೇ ಅವನು ಇಲ್ಲಿಯದನ್ನು ಮುಟ್ಟುತ್ತಿಲ್ಲ ಎಂದು ಆಕೆ ತಿಳಿದುಕೊಂಡಳು.

1985ರ ಏಪ್ರಿಲಿನಲ್ಲಿ ಮುಚ್ಚಳ ತೆಗೆದರೆ ಒಣಗಿತ್ತು. ಮೇಲಿನ ಅನ್ನ ಒಂದು ಅಗುಳೂ ಕದಲಿರಲಿಲ್ಲ. ಮಗುಚಿದರೆ ತಳದಲ್ಲಿ ಏನೂ ಇರಲಿಲ್ಲ.

ಅಲ್ಲಿಂದ ಮುಂದೆ ಪ್ರತಿ ವರ್ಷವೂ ಹೀಗೆಯೇ. ಈ ಏಪ್ರಿಲಿನಲ್ಲಿ ನಾನು ಅದೇ ಮನೆಯಲ್ಲಿದ್ದೆ. ಬೆಳಿಗ್ಗೆಯಿಂದ ಆ ಪೆಟ್ಟಿಗೆಯ ಹತ್ತಿರ ಯಾರೂ ಸುಳಿಯಲಿಲ್ಲ ಎಂದು ಪ್ರಮಾಣ ಮಾಡಬಲ್ಲೆ. ಆಕೆ ಮಗುಚಿದಾಗ ಪದಾರ್ಥಗಳಿರಬೇಕಾದಲ್ಲಿ ಗುಹೆಯ ಹಾಗೆ ಖಾಲಿ ಜಾಗವಿತ್ತು. ಹಾಗೆ ಖಾಲಿ ಬಿಟ್ಟೇ ತುಂಬುವ ಪದ್ಧತಿಯಿರಬೇಕು ಎಂದುಕೊಂಡು ಆಗ ನಿಮಗೆ ಬರೆಯಲಿಲ್ಲ.

ಆಕೆಗೆ ಎದೆಯ ರೋಗ. ತಮ್ಮ ಸತ್ತಿದ್ದಾನೆಯೋ ಇಲ್ಲವೋ, ಸತ್ತಿದ್ದರೆ ಹೇಗೆ ಸತ್ತ, ಇಷ್ಟು ತಿಳಿದು ಹೆಸರು ಕೆತ್ತಿಸಿ ತಾನು ಹೋಗಬೇಕು ಎನ್ನುತ್ತಾಳೆ. ಬೇರೆ ಆಸೆಯಿಲ್ಲ. ನಾನು ಮುಚ್ಚಳದ ಮೂರು ಎಲೆ ನೋಡಿ ಬೆಚ್ಚಿದ್ದನ್ನು ಆಕೆ ಕಂಡಿದ್ದಾಳೆ. ಆದರೆ ನನ್ನನ್ನು ಒಂದು ಮಾತೂ ಕೇಳುವುದಿಲ್ಲ. ಕಾಯುತ್ತಾಳೆ.

ಅಪ್ಪ ತೀರಿಕೊಂಡದ್ದು 1984ರ ನವೆಂಬರಿನಲ್ಲಿ. ನಿಮಗೆ ಗೊತ್ತಿರುವುದನ್ನು ಬರೆಯಿರಿ ಕಾಕಾ.

ಧರೆಪ್ಪ

*

ಬೇಡಕಿಹಾಳ
30 ಜುಲೈ 1989

ಧರೆಪ್ಪಗ ನಿಮ್ಮವ್ವ ಗಿರಿಜವ್ವ ಮಾಡೂ ಆಶೀರ್ವಾದ.

ನಾ ಹೇಳಾಕತ್ತೀನಿ, ಬಾಜೂ ಮನಿ ಶೇವಂತಾ ಬರಿಯಾಕತ್ತಾಳ. ಬೀಡಿ ಕಟ್ಟೂದ ಬಿಟ್ಟ ಕುಂತಾಳ, ಅದಕ್ಕ ಲಗೂನ ಹೇಳತೀನಿ.

ನಿಮ್ಮ ಕಾಕಾ ಶಾಣ್ಯಾ ಮನಿಷ್ಯಾ. ಆದರ ಹಾಳಿ ಬಿಟ್ಟ ಓದತಾನ. ಓದಾಕ ಬರದವರಿಗೆ ಹಾಳಿ ಎಷ್ಟ ಅದಾವ ಅನ್ನೂದೂ ತಿಳಿಯೂದಿಲ್ಲ ಅಂತ ತಿಳದಾನ. ಮೊನ್ನಿ ಕಾಲ ತೊಳಕೊಳ್ಳಾಕ ಹೋದಾಗ ಅವನ ಕೋಟಿನ ಕಿಸೇದಾಗಿಂದ ನಿನ್ನ ಎರಡೂ ಪತ್ರ ತಗದ ಶೇವಂತಾನ ಕಡಿಂದ ಓದಿಸೀನಿ. ತಿರಗಿ ಇಟ್ಟೀನಿ. ಅವಗ ಗೊತ್ತಿಲ್ಲ.

ನಿಮ್ಮಪ್ಪ ಆ ಬುತ್ತಿ ನನ್ನ ಕೈಲೆ ಮಾಡಸತಿದ್ದಾ ಖರೆ, ಯಾಕಂತ ಹೇಳಲಿಲ್ಲ. ಲಗ್ನಾದ ಹೊಸದಾಗ ಕೇಳಿದ್ನಿ. ಮ್ಯಾಲ ಬರೇ ಅನ್ನ ಕಾಣಬೇಕು, ಇಷ್ಟ ಅಂದ. ಪೆಟಗಿ ತಾನ ಇದ್ದಲೀಲೆ ಎಲಿ ಬರದಕೊಟ್ಟ ಬಡಿಗ್ಯಾನ ಕಡಿಂದ ಮಾಡಿಸಿದ್ದ. ಮುಂಜಾನೆ ಕಬ್ಬಿನ ಹೊಲದಾಗ ಮೂಡಲ ದಿಕ್ಕಿಗೆ ಇಟ್ಟ ಬರತಿದ್ದ, ಊಟದ ಹೊತ್ತಿಗೆ ತರತಿದ್ದ. ನಿನ್ನ ಹೊರಗ ಕಳಸಿ ಮಗಚತಿದ್ದ, ನಿನಗ ಬಡದ ಸಪ್ಪಳ ಅಷ್ಟ ಗೊತ್ತು. ಮ್ಯಾಲಿನ ಅನ್ನ ಹಂಗ ಇರತಿತ್ತು. ತಳದಾಗಿಂದು ಹೋಗಿರತಿತ್ತು. ಮೂವತ್ತೆಂಟ ವರ್ಷ ನಾ ಕಣ್ಣಾರೆ ನೋಡೀನಿ. ಇಲಿ ಅಲ್ಲ, ಇರಬಿ ಅಲ್ಲ.

ಒಂದ ಮಾತ. ಮೀನ ಮಾತ್ರ ಉಳೀತಿತ್ತು. ಎಲ್ಲಾ ಹೋಗಿ ಮೀನಿನ ಹೋಳ ಅಷ್ಟ ಒಂದ ಮೂಲ್ಯಾಗ ಸರಿಸಿ ಇಟ್ಟಂಗ ಇರತಿತ್ತು. ನಿಮ್ಮಪ್ಪ ಸೈಕಲ್ ಹೊಡಕೊಂಡ ಯಡೂರ ಹೊಳಿತನಕಾ ಹೋಗಿ ತಂದ ಮೀನ. ಮುಂದಿನ ವರ್ಷ ಮತ್ತ ಹೋಗಿ ತರತಿದ್ದ. ತಿನ್ನಾಂಗಿಲ್ಲಲ್ಲೋ ಯಾಕ ತರತಿ ಅಂದ್ರ, ಹಾಕು ಅಂದಾನ ಹಾಕತೀನಿ ಅಂತಿದ್ದ.

ಅವ ಹೋದಮ್ಯಾಲ ಮಂದಿ, ಬಿಲ್ವಪತ್ರಿ ಪೆಟಗ್ಯಾಗ ಮೀನ ಹಾಕತಿ, ದೇವರು ಸಿಟ್ಟಾಗತಾನ ಅಂದ್ರು. ಪೆಟಗಿ ಜಗಲಿಮ್ಯಾಗ ಇಟ್ನಿ. ಮೀನ ಬಿಟ್ನಿ. ಬುತ್ತಿ ಮಾಡಿ ಇಡತೀನಿ. ಐದ ವರ್ಷಾತು, ಒಂದ ಅಗಳ ಕಡಿಮಿ ಆಗಿಲ್ಲ.

ಆ ಅಕ್ಕ ಒಬ್ಬಾಕೀನ ಇರತಾಳಂತ. ಆಕಿನ ನೋಡಕೊ.

ನಿಮ್ಮವ್ವ

*

ಚಿಕ್ಕೋಡಿ
14 ಸೆಪ್ಟೆಂಬರ್ 1989

ಧರೆಪ್ಪಾ,

ನಿನ್ನ ಪತ್ರ ಎರಡು ತಿಂಗಳಿಂದ ನನ್ನ ಹತ್ತಿರವೇ ಇದೆ. ಊರಿನ ಗಟಾರದಿಂದ ಹಿಡಿದು ದಿಲ್ಲಿಯ ಮಂತ್ರಿಗಳವರೆಗೆ ಎಲ್ಲರಿಂದಲೂ ಉತ್ತರ ಕೇಳಿದವನು ನಾನು. ನನ್ನನ್ನೇ ಒಬ್ಬರು ಉತ್ತರ ಕೇಳಿದಾಗ ಪೆನ್ನು ಎತ್ತಲಿಲ್ಲ. ನೋಡಿಕೊಂಡರೆ ನಾಚಿಕೆಯಾಗುತ್ತದೆ.

ಅಣ್ಣ ಮಿರಜದ ದವಾಖಾನೆಯಲ್ಲಿದ್ದ ಕೊನೆಯ ವಾರ, ವೈನಿ ಊಟಕ್ಕೆ ಹೋದಾಗ, ಹಗಲು ಎರಡರ ಸುಮಾರಿಗೆ ಇದನ್ನು ಹೇಳಿದ. ಅವನಿಗೆ ಜ್ವರವಿರಲಿಲ್ಲ. ಬುದ್ಧಿ ನೆಟ್ಟಗಿತ್ತು.

1945ರ ಮಳೆಗಾಲ. ಕಾಲಿಗೆ ಗುಂಡು ಬಿದ್ದ ಒಬ್ಬ ಜಪಾನಿ ಕೈದಿಯನ್ನು ಕಾಡಿನ ಗುಡಿಸಲಿನಲ್ಲಿ ಕಾಯಲು ಅಣ್ಣನನ್ನು ಬಿಟ್ಟು ಪಲ್ಟಣ್ ಮುಂದೆ ಹೋಯಿತು. ಮೂರು ದಿನಕ್ಕೆ ಲಾರಿ ಬರಬೇಕಿತ್ತು. ಇಬ್ಬರಿಗೂ ಬೇರೆ ಬೇರೆ ರೇಷನ್ ಕೊಟ್ಟಿದ್ದರು. ಹಳ್ಳ ಏರಿ ಲಾರಿ ಬರಲಿಲ್ಲ. ಅಣ್ಣನಿಗೆ ಇಪ್ಪತ್ತೆರಡು ವರ್ಷ. ಮಳೆ ನೋಡಿದಾಗಲೇ ಲಾರಿ ಬರುವುದಿಲ್ಲ ಎಂಬ ಅಂಜಿಕೆ ಹೊಕ್ಕಿತ್ತು. ಮೊದಲನೆಯ ದಿನದಿಂದಲೇ ಕೈದಿಗೆ ನೀರು ಮಾತ್ರ ಕೊಟ್ಟ. ತನ್ನ ಪಾಲು ತಿಂದು ಮುಗಿಸಿದ, ಆಮೇಲೆ ಅವನ ಪಾಲನ್ನೂ ತಿಂದ. ಅವನು ನೋಡುತ್ತಿರುವಾಗಲೇ ತಿಂದ.

"ಅವ ಒಮ್ಮೆನೂ ಕೈ ಚಾಚಲಿಲ್ಲ ಅಣ್ಣಾಸಾಬ. ಆರನೇ ದಿನ ಸುಮ್ಮನ ಬಾಯಿ ಆಡಸಾಕತ್ತಿದ್ದ, ಉಂಡಂಗ. ಎಂಟನೇ ದಿನಾ ಹ್ವಾದ. ಒಂಬತ್ತನೇ ದಿನಾ ಲಾರಿ ಬಂತು. ನನ್ನ ಡಬ್ಬ್ಯಾಗ ಇನ್ನಾ ಎರಡ ಬಿಸ್ಕೀಟ ಉಳದಿದ್ದು."

ಇದು ಅವನ ಮಾತು, ನನ್ನದಲ್ಲ. ಒಂದಕ್ಷರ ಬದಲಿಸಿಲ್ಲ. ಕೈದಿ ಗಾಯದಿಂದ ಸತ್ತ ಎಂದು ಬರೆದುಕೊಂಡರಂತೆ, ಯಾರೂ ಏನೂ ಕೇಳಲಿಲ್ಲವಂತೆ.

ವರ್ಷಕ್ಕೊಮ್ಮೆ ಇಡುವ ಬುತ್ತಿ ಆ ಕೈದಿಗೇ ಎಂದ. ಹಾಗಾದರೆ ಈ ಅಡಿಗೆಯನ್ನು ಅವನು ಯಾವಾಗ ಹೇಳಿದ ಎಂದು ಕೇಳಿದೆ. ಬದುಕಿರುವಾಗ ಒಂದು ಮಾತೂ ಆಡಲಿಲ್ಲ ಎಂದ ಅಣ್ಣ. ಊರಿಗೆ ಬಂದ ಮೇಲೆ, ಮೊದಲನೆಯ ಹೋಳಿಯ ಮರುದಿನ ಮಟಮಟ ಮಧ್ಯಾಹ್ನದಲ್ಲಿ, ಕಬ್ಬಿನ ಸಾಲಿನ ನಡುವೆ ನಿಂತಿದ್ದನಂತೆ. ಎಳೆ ಸುಳಿಯನ್ನು ಮುಟ್ಟಿ ತೋರಿಸಿದನಂತೆ. ಯಾವ ಭಾಷೆಯಲ್ಲಿ ಹೇಳಿದ ಎಂದು ನಾನು ಮೇಷ್ಟ್ರ ಹಾಗೆ ಕೇಳಿದೆ. "ಅದ ನನಗೂ ತಿಳದಿಲ್ಲ. ಹೇಳಿದ್ದು ತಿಳೀತು" ಎಂದ.

ಕೊನೆಗೆ ನನ್ನ ಕೈ ಹಿಡಿದು ಒಂದು ಮಾತು ತೆಗೆದುಕೊಂಡ. ತನ್ನ ಹೆಸರಿನಲ್ಲಿ ಯಾವತ್ತೂ ಎಡೆ ಇಡಬಾರದು, ಅಮಾವಾಸ್ಯೆಗಾಗಲಿ ಹಬ್ಬಕ್ಕಾಗಲಿ. ನಾನು ವೈನಿಗೆ ಅಷ್ಟನ್ನು ಮಾತ್ರ ಹೇಳಿದೆ, ಕಾರಣ ಹೇಳಲಿಲ್ಲ. ಸತ್ತವನ ಕೊನೆಯ ಮಾತು ಎಂದು ಅವರು ನಡೆಸಿಕೊಂಡು ಬಂದಿದ್ದಾರೆ. ನಮ್ಮ ಮನೆಯಲ್ಲಿ ಐದು ವರ್ಷದಿಂದ ಅವನಿಗೆ ಒಂದು ತುತ್ತೂ ಇಟ್ಟಿಲ್ಲ.

ನಾನು ದೆವ್ವ ಭೂತ ನಂಬುವವನಲ್ಲ. ಮೂವತ್ತು ವರ್ಷ ಮಕ್ಕಳಿಗೆ ವಿಜ್ಞಾನ ಹೇಳಿದ್ದೇನೆ. ಆದರೆ ತಾರೀಖು ಓದಲು ಬರುತ್ತದೆ. 1984ರ ನವೆಂಬರಿನಲ್ಲಿ ಅಣ್ಣ ಸತ್ತ, ಉಪವಾಸ ಹೊರಟ. 1985ರ ಏಪ್ರಿಲಿನಿಂದ ಆ ಹೆಣ್ಣುಮಗಳ ತಮ್ಮನ ಬುತ್ತಿ ಖಾಲಿಯಾಗುತ್ತಿದೆ. ಅಲ್ಲಿ ಕುಳಿತು ಉಣ್ಣುತ್ತಿರುವವನು ಅವಳ ತಮ್ಮನೆಂದು ಅವಳು ನಂಬಿದ್ದರೆ, ನಂಬಿಕೊಂಡಿರಲಿ. ಅಣ್ಣ ಇನ್ನೂ ಆ ಹುಡುಗನ ಪಾಲನ್ನೇ ತಿನ್ನುತ್ತಿದ್ದಾನೆ ಎಂದು ಯಾವ ಬಾಯಿಂದ ಹೇಳುತ್ತೀ?

ಕಲ್ಲಿನ ಅರ್ಜಿ ನನ್ನ ಪೆಟ್ಟಿಗೆಯಲ್ಲಿಯೇ ಇದೆ. ಕಳಿಸಲಿಲ್ಲ.

ಅಣ್ಣಾಸಾಬ

*

ಓಕಾಯಾಮಾ
4 ಜನವರಿ 1990

ಕಾಕಾ,

ನಿಮ್ಮ ಪತ್ರ ಬಂದು ಮೂರು ತಿಂಗಳಾಯಿತು. ಅದಕ್ಕೂ ಮೊದಲು ಅವ್ವ ಶೇವಂತಕ್ಕನ ಕೈಯಲ್ಲಿ ಬರೆಸಿದ ಪತ್ರ ಬಂದಿತ್ತು. ನಿಮ್ಮ ಕೋಟಿನ ಕಿಸೆಯನ್ನು ನೀವು ಕಾಯುವುದಿಲ್ಲ ಎಂದಷ್ಟೇ ಹೇಳುತ್ತೇನೆ.

ಅಜ್ಜಿಗೆ ಇನ್ನೂ ಹೇಳಿಲ್ಲ. ಈಗ ಮಾತು ಬರುತ್ತದೆ, ಆದ್ದರಿಂದ ಭಾಷೆಯ ನೆಪವೂ ಉಳಿದಿಲ್ಲ. ಡಿಸೆಂಬರಿನಲ್ಲಿ ಆಕೆ ಹದಿನೈದು ದಿನ ಆಸ್ಪತ್ರೆಯಲ್ಲಿದ್ದಳು. ಮನೆಗೆ ಬಂದ ದಿನ ಬಿದಿರಿನ ಮೊಳಕೆ ಬರುವವರೆಗೆ ಇರುತ್ತೇನೆ ಎಂದಳು, ಯಾರೋ ಬಸ್ಸಿಗೆ ಕಾಯುವ ಹಾಗೆ.

ಒಂದು ಸಂಗತಿ. ಈ ಮನೆಯಲ್ಲಿ ಮಧ್ಯಾಹ್ನ ನಾನೊಬ್ಬನೇ ಇರುವಾಗ ಆ ಖಾಲಿ ಜಾಗಕ್ಕೆ ಬೆನ್ನು ಹಾಕಿ ಕೂಡಲು ಆಗುತ್ತಿಲ್ಲ. ಅಂಜಿಕೆಯಿಂದಲ್ಲ. ಅಪ್ಪನ ಎದುರಿಗೆ ಹಾಗೆ ಕೂತರೆ ಬಯ್ಯುತ್ತಿದ್ದ.

ಧರೆಪ್ಪ

*

ಓಕಾಯಾಮಾ
23 ಏಪ್ರಿಲ್ 1990

ಪೂಜ್ಯ ಕಾಕಾ ಅವರಿಗೆ,

ಈ ಪತ್ರದಲ್ಲಿ ಒಂದನೆಯ ಹಾಳೆ, ಎರಡನೆಯ ಹಾಳೆ ಎಂಬುದಿಲ್ಲ. ಪೂರ್ತಿ ಅವ್ವನಿಗೆ ಓದಿರಿ. ನೀವು ನನಗೆ ಬರೆದದ್ದನ್ನೂ ಓದಿರಿ.

ನಿನ್ನೆ ಅಜ್ಜಿಗೆ ಹೇಳಿದೆ. ಬೆಳಿಗ್ಗೆ ಆಕೆ ಎರಡು ಪೆಟ್ಟಿಗೆ ತುಂಬಿ, ಸಣ್ಣದನ್ನು ಎಂದಿನ ಜಾಗದಲ್ಲಿ ಇಟ್ಟು ಕೈತೊಳೆದು ಬಂದಳು. ನಾನು ಮೊಣಕಾಲೂರಿ ಕೂತು ಮೊದಲಿನಿಂದ ಹೇಳಿದೆ. ಗುಡಿಸಲು, ಮಳೆ, ಎರಡು ಪಾಲು, ಎಂಟನೆಯ ದಿನ, ಉಳಿದ ಬಿಸ್ಕೀಟು. ಯಾವುದನ್ನೂ ಸಣ್ಣದು ಮಾಡಲಿಲ್ಲ. ಆಕೆಯ ಮುಖ ಗೋಡೆಯ ಹಾಗಿತ್ತು. ಅಪ್ಪ ಊರಿನಲ್ಲಿ ಮೂವತ್ತೆಂಟು ವರ್ಷ ಬುತ್ತಿ ಇಟ್ಟ ಸಂಗತಿಗೂ ಆ ಮುಖ ಬದಲಾಗಲಿಲ್ಲ. ನನ್ನನ್ನು ನಂಬುತ್ತಿಲ್ಲವೇನೋ ಅನಿಸಿತು.

ಆಗ ಅವ್ವ ಬರೆಸಿದ್ದು ನೆನಪಾಗಿ, ತಳದಲ್ಲಿ ಮೀನು ಮಾತ್ರ ಉಳಿಯುತ್ತಿತ್ತು, ಒಂದು ಮೂಲೆಗೆ ಸರಿಸಿಟ್ಟ ಹಾಗೆ, ಎಂದೆ.

ಅಜ್ಜಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಆಕೆ ಅಳುವುದನ್ನು ನಾನು ಅಷ್ಟು ದಿನದಲ್ಲಿ ನೋಡಿರಲಿಲ್ಲ. ಕಣ್ಣೊರೆಸಿಕೊಂಡು ಹೇಳಿದಳು. ಇಸಾಮುವಿಗೆ ಆರು ವರ್ಷವಿದ್ದಾಗ ಗಂಟಲಿಗೆ ಮುಳ್ಳು ಸಿಕ್ಕಿ ಸಾಯುವ ಹಾಗಾಗಿತ್ತಂತೆ. ಅಲ್ಲಿಂದ ಮುಂದೆ ಬುತ್ತಿಯಲ್ಲಿನ ಮೀನನ್ನು ಮೂಲೆಗೆ ಸರಿಸಿ ಅಕ್ಕನಿಗೆ ಕೊಡುತ್ತಿದ್ದನಂತೆ. ಮೀನು ಹಾಕದಿದ್ದರೆ ಮಾತ್ರ ಅಕ್ಕನ ಪಾಲು ಎಲ್ಲಿ ಎಂದು ಜಗಳ ಮಾಡುತ್ತಿದ್ದನಂತೆ.

"ನಿಮ್ಮ ಮನೆಯಲ್ಲಿದ್ದವನು ನನ್ನ ತಮ್ಮನೇ" ಎಂದಳು.

ಕಾಕಾ, ನಾವಿಬ್ಬರೂ ಅಂಜಿದ್ದ ಮಾತನ್ನು ಆಮೇಲೆ ಆಕೆಯೇ ಆಡಿದಳು. ಇಲ್ಲಿ 1985ರಿಂದ ಮೀನಿನ ಒಂದು ಹೋಳೂ ಉಳಿಯುತ್ತಿಲ್ಲ. ಆದ್ದರಿಂದ ಬಂದವನು ತಮ್ಮನಲ್ಲ, ಬೇರೆ ಯಾರೋ ಗಂಡಸು ಎಂದು ಮೊದಲ ವರ್ಷವೇ ಆಕೆಗೆ ತಿಳಿದಿತ್ತು. ಬಹಳ ಹಸಿದವನು ಎಂದೂ ತಿಳಿದಿತ್ತು. ತಮ್ಮನ ಸುದ್ದಿ ಹೊತ್ತು ತಂದಿರಬೇಕು, ಹೇಳಲು ಬಾಯಿ ಬರುತ್ತಿಲ್ಲ, ಹೊಟ್ಟೆ ತುಂಬಿದ ದಿನ ಹೇಳುತ್ತಾನೆ ಎಂದುಕೊಂಡು ಐದು ವಸಂತ ಅವನಿಗೆ ಬಡಿಸಿದಳು.

"ಇವತ್ತು ಹೇಳಿದ" ಎಂದಳು. ನನ್ನನ್ನು ನೋಡಿ ಹೇಳಲಿಲ್ಲ. ನನ್ನ ಭುಜದ ಮೇಲಿಂದ ಆ ಜಾಗವನ್ನು ನೋಡಿ ಹೇಳಿದಳು.

ಎದ್ದು ಹೋಗಿ ಸಣ್ಣ ಪೆಟ್ಟಿಗೆಯ ಮುಂದೆ ಕೂತಳು. ಅಷ್ಟು ವರ್ಷದ ಕಾಯುವಿಕೆಯಾದ ಮೇಲೆ ಬಯ್ಯುತ್ತಾಳೆ ಎಂದುಕೊಂಡೆ, ಅಥವಾ ಕ್ಷಮಿಸಿದೆ ಎನ್ನುತ್ತಾಳೆ ಎಂದುಕೊಂಡೆ. ಎರಡೂ ಅಲ್ಲ. ಮುಚ್ಚಳದ ಮೇಲೆ ಅಂಗೈ ಇಟ್ಟು, ನೆಂಟರನ್ನು ಕಳಿಸಿಕೊಡುವಾಗಿನ ದನಿಯಲ್ಲಿ ಅಂದಳು: "ನಿನ್ನ ಮಾತು ಮುಟ್ಟಿತು. ಇದು ಅವನ ಪಾಲು. ಇನ್ನು ಎದ್ದು ಹೋಗು."

ಆಮೇಲೆ ಮುಂದಿನ ಬಾಗಿಲನ್ನು ತೆರೆದು ಹಿಡಿದು ನಿಂತಳು. ಹೊರಗೆ ಹಗಲಿನ ಬಿಸಿಲು. ಒಬ್ಬ ಮುದುಕ ಗೋಡೆ ಹಿಡಿದು ಎದ್ದು, ಬಾಗಿ ಚಪ್ಪಲಿ ಮೆಟ್ಟಿಕೊಳ್ಳಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಹಿಡಿದಿದ್ದಳು. ಬಾಗಿಲು ಹಾಕುವ ಮೊದಲು ತಲೆಬಾಗಿದಳು. ನಾನು ಏನನ್ನೂ ಕಾಣಲಿಲ್ಲ. ನನ್ನ ಪಕ್ಕದಲ್ಲಿ ತೌಡಿನ ವಾಸನೆ ಹಾದು ಹೋಯಿತು, ಅಷ್ಟೇ.

ಇವತ್ತು ಬೆಳಿಗ್ಗೆ ಕಲ್ಲುಕುಟಿಗನ ಹತ್ತಿರ ಹೋಗಿ ಬಂದೆವು. ಹೆಸರಿನ ಕೆಳಗೆ 1945 ಎಂದು ಕೆತ್ತುತ್ತಾರೆ. ಜೂನ್ ಕೊನೆಯ ವಾರ ನಾನು ಊರಿಗೆ ಹೊರಡುತ್ತೇನೆ.

ಆದರೆ ಕಾಕಾ, ಒಂದು ಚಿಂತೆ ನಿನ್ನೆಯಿಂದ ಬಿಡುತ್ತಿಲ್ಲ. ಆಕೆ ಎದ್ದು ಹೋಗು ಎಂದಳು, ಸರಿಯಾಗಿಯೇ ಅಂದಳು. ಅವನು ಎಲ್ಲಿಗೆ ಹೋಗಬೇಕು? ನಮ್ಮ ಮನೆಯಲ್ಲಿ ಅವನಿಗೆ ತಾಟಿಲ್ಲವಲ್ಲ.

ಧರೆಪ್ಪ

*

ಬೇಡಕಿಹಾಳ
26 ಮೇ 1990

ನನ್ನ ಮಗಾ ಧರೆಪ್ಪಗ ನಿಮ್ಮವ್ವ ಹೇಳಿ ಬರಿಸಿದ್ದು. ಈ ಸಲ ಬರಿಯಾಂವ ನಿಮ್ಮ ಕಾಕಾ. ನಾ ಹೇಳಿದ್ದ ಹೇಳಿದಂಗ ಬರಿ, ತಿದ್ದಬ್ಯಾಡಾ ಅಂತ ಆಣಿ ಹಾಕೀನಿ.

ಅವ ಎಲ್ಲಾ ಓದಿದ. ನಡುವ ಎರಡ ಸಲ ಕನ್ನಡಕ ತಗದ ಒರಸಿಕೊಂಡ. ಓದೂದ ಮುಗದಮ್ಯಾಲ, ವೈನಿ, ಅಣ್ಣನ ಕಡೀ ಮಾತ ಹಂಗಿತ್ತು, ಎಡಿ ಇಡಬ್ಯಾಡಂದಿದ್ದ, ಅಂತ ಮತ್ತ ಸುರು ಮಾಡಿದ. ನಾ ಅಂದ್ನಿ, ಮೂವತ್ತೆಂಟ ವರ್ಷ ಅವನ ಮಾತ ಕೇಳೀನಿ, ಯಾಕಂತ ಕೇಳದನ ಕೇಳೀನಿ. ಇದೊಂದ ಕೇಳಾಂಗಿಲ್ಲ. ಆ ಹುಡುಗಗ ಅವ ಮಾಡಿದ್ದ ಘೋರ ಐತಿ, ನಾ ಇಲ್ಲ ಅನ್ನೂದಿಲ್ಲ. ಖರೆ, ಅದಕ್ಕ ಅವನ್ನ ಉಪಾಸ ಕೆಡವಿದ್ರ, ಅವ ಮತ್ತ ಯಾರದೋ ಬಾಯಾಗಿಂದ ಕಸಗೊಂಡ ತಿನ್ನತಾನ. ತಿಂದಾನ, ಐದ ವರ್ಷ.

ಮೊನ್ನಿ ಅಮಾಸಿ ಇತ್ತು. ಊಟದ ಹೊತ್ತಿಗೆ ಅವನ ಹಿತ್ತಾಳಿ ತಾಟ ತೊಳದ್ನಿ. ಬಿಸಿ ರೊಟ್ಟಿ, ಬದನಿಕಾಯಿ ಪಲ್ಲೆ, ಶೇಂಗಾ ಚಟ್ನಿ, ಗಟ್ಟಿ ಮಸರ ಇಟ್ನಿ. ಎಲ್ಲಾ ಮ್ಯಾಲ ಕಾಣೂ ಹಂಗ ಇಟ್ನಿ, ತಳದಾಗ ಏನೂ ಮುಚ್ಚಲಿಲ್ಲ. ಹೊಸ್ತಲದಾಗ ಕಾಲಿಗೆ ಚರಗಿ ನೀರ ಇಟ್ನಿ. ಬಾಗಲಾ ತಗದ ಅದಕ್ಕ ಬೆನ್ನ ಮಾಡಿ ಒಲಿ ಮುಂದ ಕುಂತ್ನಿ. ಉಣ್ಣೂವಾಗ ಯಾರರೆ ನೋಡಿದ್ರ ಅವಗ ಸೇರತಿದ್ದಿಲ್ಲ. ಈಗ ತಿಳೀತು ಯಾಕಂತ.

ಬಹಳ ಹೊತ್ತ ಏನೂ ಇಲ್ಲ. ಆಮ್ಯಾಲ ಗ್ವಾದ್ಲ್ಯಾಗ ಎಮ್ಮಿ ಎದ್ದ ನಿಂತು. ಒಣಾ ರೊಟ್ಟಿ ಮುರದ ಸಪ್ಪಳಾತು. ಬಿಸಿ ರೊಟ್ಟಿ ಇಟ್ಟಿದ್ನಿ, ಅಷ್ಟ ಹೊತ್ತಿಗೆ ಒಣಗಿತ್ತು ಕಾಣಸತೈತಿ. ನಿಮ್ಮ ಕಾಕಾ ಕಟ್ಟಿಮ್ಯಾಗ ಪೇಪರ ಹಿಡಕೊಂಡ ಕುಂತಿದ್ದ. ಅವಗೂ ಕೇಳಿಸೇತಿ. ಬರಿಯಾಕ ಒಲ್ಲೆ ಅಂತಾನ, ಬರಿ ಅಂದೀನಿ. (ಕೇಳಿಸಿತು. — ಅಣ್ಣಾಸಾಬ.)

ನಾ ತಿರಗಿ ನೋಡಲಿಲ್ಲ. ಇದು ನಿನ್ನ ಪಾಲಿಂದು, ಸಾವಕಾಶ ಉಣ್ಣು ಅಂದ್ನಿ.

ನೀ ಹೊರಡೂ ಮೊದಲ ಆ ಅಕ್ಕಾಗ ನನ್ನ ಕಡಿಂದ ಕಾಲ ಮುಟ್ಟು. ತಪ್ಪಾತು ಅನ್ನಾಕ ನನಗ ಬಾಯಿಲ್ಲ, ಅದ ಅಂದ್ರ ತೀರೂವಂಥಾದೂ ಅಲ್ಲ. ಇಷ್ಟ ಹೇಳು: ನನ್ನ ಗಂಡ ಮನಿಗೆ ಬಂದಾನ. ಅಮಾಸಿಗೊಮ್ಮೆ ಅವಗ ನಾ ಉಣ್ಣಾಕ ಹಾಕತೀನಿ. ಇನ್ನ ಅವ ನಿಮ್ಮ ಬಾಗಲಿಗೆ ಬರಾಂಗಿಲ್ಲ. ಬರತೀನಿ ಅಂದ್ರೂ ನಾ ಬಿಡಾಂಗಿಲ್ಲ.

ನಿಮ್ಮವ್ವ,
ಗಿರಿಜವ್ವ